ನಾಲ್ಕು ಸಾಲಿನ ಸುದ್ದಿ

ಸುದ್ದಿ ನಾಲ್ಕೇ ಸಾಲು. ಜಿಲ್ಲಾ ಪುಟದ ಕೆಳಮೂಲೆಯಲ್ಲಿ, ಶಾಮಿಯಾನ ಬಾಡಿಗೆಯ ಜಾಹೀರಾತೊಂದರ ನೆತ್ತಿಯ ಮೇಲೆ ಬಂದಿತ್ತು. ‘ಕುಲುಮೆ ಸ್ಫೋಟ: ಕಾರ್ಮಿಕನಿಗೆ ಗಾಯ’ ಅಂತ ತಲೆಬರಹ. ಕೊನೆಯ ಸಾಲು ಹೀಗಿತ್ತು: ‘ಸಿಬ್ಬಂದಿಯ ನಿರ್ಲಕ್ಷ್ಯವೇ ಘಟನೆಗೆ ಕಾರಣ ಎಂದು ಮೂಲಗಳು ತಿಳಿಸಿವೆ.’ ಬರೆದವರು ನಾವು. ಅಲ್ಲಿ ಒಡೆದದ್ದು ಕುಲುಮೆ ಅಲ್ಲ. ಆದದ್ದು ಸ್ಫೋಟವೂ ಅಲ್ಲ. ನಿರ್ಲಕ್ಷ್ಯದ ವಿಚಾರ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇವೆ.

ನಾವು ಅಂದರೆ ಇಬ್ಬರು. ಒಬ್ಬ ಪತ್ರಿಕೆಗೆ ಸುದ್ದಿ ಕಳಿಸುವವನು, ಇನ್ನೊಬ್ಬ ಚಾನೆಲ್‌ಗೆ ವಿಡಿಯೊ ಕಳಿಸುವವನು. ಪತ್ರಿಕೋದ್ಯಮ ಡಿಪ್ಲೊಮಾ ಒಂದೇ ಬ್ಯಾಚು, ಬೈಕೂ ಒಂದೇ. ಪೆಟ್ರೋಲು ಹಂಚಿಕೊಂಡ ಹಾಗೆ ತಪ್ಪನ್ನೂ ಹಂಚಿಕೊಂಡಿದ್ದೇವೆ. ಹಾಗಾಗಿ ಈ ಬರಹದ ತುಂಬ ‘ನಾವು’ ಅಂತಲೇ ಇರುತ್ತದೆ.

ಆ ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ಕೊಪ್ಪಳದಿಂದ ಬಳ್ಳಾರಿ ಕಡೆ ಹೆದ್ದಾರಿಯಲ್ಲಿ ಓಡಾಡಿದವರಿಗೆ ಗೊತ್ತು, ಎಡಬಲಕ್ಕೆ ಚಿಮಣಿಗಳು, ದೂಳು ಕೂತು ಕೆಂಪಾದ ಬೇವಿನ ಮರಗಳು, ಸಾಲುಗಟ್ಟಿದ ಅದಿರಿನ ಲಾರಿಗಳು. ಅಲ್ಲೇ ಎಲ್ಲೋ ಒಂದು ಕಾರ್ಖಾನೆ. ಯಾವುದೆಂದು ಬರೆಯುವುದಿಲ್ಲ, ಯಾವ ವರ್ಷವೆಂದೂ ಬರೆಯುವುದಿಲ್ಲ, ಕಾರಣ ಮುಂದೆ ಗೊತ್ತಾಗುತ್ತದೆ. ಗೇಟಿನೊಳಕ್ಕೆ ನಮ್ಮನ್ನು ಬಿಡಲಿಲ್ಲ. ಹೊರಗಿನಿಂದ ಕಂಡದ್ದು ಶೆಡ್ಡಿನ ಸಂದಿನಲ್ಲಿ ಕಿತ್ತಳೆ ಬೆಳಕು, ಮೇಲೆ ಬಿಳಿ ಉಗಿ. ಆಂಬುಲೆನ್ಸ್ ಒಂದು ಹೊರಗೆ ಹೋಯಿತು. ಗೇಟಿನಲ್ಲಿದ್ದ ಅಧಿಕಾರಿಯೊಬ್ಬರು, ‘ನಮ್ಮ ಹುಡುಗ್ರದ ನೆಗ್ಲಿಜೆನ್ಸ್ ಅಷ್ಟ ರೀ, ದೊಡ್ಡದೇನಿಲ್ಲ’ ಅಂದರು. ಆ ಒಂದು ಬಾಯಿಮಾತು ನಮ್ಮ ಕೈಯಲ್ಲಿ ‘ಮೂಲಗಳು’ ಆಯಿತು, ಅದೂ ಬಹುವಚನದಲ್ಲಿ. ಹನ್ನೆರಡಕ್ಕೆ ಎಡಿಷನ್ ಮುಚ್ಚುತ್ತಿತ್ತು. ಕಳಿಸಿ ಮಲಗಿದೆವು.

ಐದಾರು ತಿಂಗಳ ಮೇಲೆ ಒಬ್ಬರು ನಮ್ಮನ್ನು ಹುಡುಕಿಕೊಂಡು ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿಗೆ ಬಂದರು. ನಮ್ಮಲ್ಲೊಬ್ಬನ ಪಕ್ಕದೂರಿನವರು. ಐಟಿಐ ಓದಿ ಕಾರ್ಖಾನೆ ಸೇರಿ, ಹದಿನಾಲ್ಕು ವರ್ಷ ದುಡಿದು ಆಪರೇಟರ್ ಆಗಿದ್ದವರು. ಚಿಕ್ಕಂದಿನಿಂದ ಅಣ್ಣ ಅಂತಲೇ ಕರೆದು ರೂಢಿ. ಮೊದಲೊಮ್ಮೆ ಜಾತ್ರೆಯಲ್ಲಿ ಸಿಕ್ಕಾಗ ‘ಎಸ್‌ಎಂಎಸ್‌ನ್ಯಾಗ ಡ್ಯೂಟಿ’ ಅಂದಿದ್ದರು. ನಾವು ಮೊಬೈಲ್ ಕಂಪನಿ ಅಂದುಕೊಂಡಿದ್ದೆವು. ಸ್ಟೀಲ್ ಮೆಲ್ಟಿಂಗ್ ಶಾಪ್‌ಗೆ ಅವರೆಲ್ಲ ಹಾಗನ್ನುತ್ತಾರೆ. ಅಂದು ಅಣ್ಣ ಚಹಾ ಬೇಡ ಅಂದರು. ಪ್ಲಾಸ್ಟಿಕ್ ಚೀಲದಿಂದ ಒಂದು ಕಟ್ಟು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಆರೋಪಪಟ್ಟಿ, ವಿಚಾರಣೆಯ ನಡಾವಳಿ, ಕೊನೆಗೆ ಕೆಲಸದಿಂದ ತೆಗೆದ ಆದೇಶ. ನಡುವೆ ಒಂದು ಜೆರಾಕ್ಸ್ ಹಾಳೆಯಲ್ಲಿ ಆ ನಾಲ್ಕು ಸಾಲು. ಶಾಮಿಯಾನದ ಜಾಹೀರಾತಿನ ಅರ್ಧ ಭಾಗವೂ ಬಂದಿತ್ತು.

‘ನಿಮ್ಮ ಕಟಿಂಗ್ ಹಚ್ಯಾರ ನೋಡ್ರಪಾ’ ಅಂದರು. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನಮಗೆ ಸಲೀಸಿತ್ತು.

ಅಣ್ಣನ ಹೆಸರು ನಮ್ಮ ಸುದ್ದಿಯಲ್ಲಿ ಇರಲಿಲ್ಲ ಅಂತ ಆಗ ಸಮಾಧಾನ ಹೇಳಿಕೊಳ್ಳಲು ನೋಡಿದೆವು. ಅವರು ಅದನ್ನೂ ಬಿಡಲಿಲ್ಲ. ‘ಆ ಪಾಳಿಯೊಳಗ ಆ ಪ್ಯಾನಲ್ ಮುಂದ ನಾನೊಬ್ಬನ ಇದ್ದೆ. ಹೆಸರ್ಯಾಕ ಬೇಕು?’ ಅಂದರು. ಆಮೇಲೆ ಕೇಳಿದರು, ‘ನಿಮಗ ಅಲ್ಲಿ ಏನಾತು ಅಂತ ಗೊತ್ತೈತೇನು?’ ಗೊತ್ತಿರಲಿಲ್ಲ. ನಮಗೆ ಉಕ್ಕು ಅಂದರೆ ಶಾಲೆಯ ಪುಸ್ತಕದ ಭದ್ರಾವತಿ, ವಿಶ್ವೇಶ್ವರಯ್ಯನವರ ಭಾವಚಿತ್ರ, 1923 ಎಂಬ ಇಸವಿ. ಮನೆಯಿಂದ ಇಪ್ಪತ್ತು ಕಿಲೋಮೀಟರಿನಲ್ಲಿ ನಡೆಯುವ ಕೆಲಸದ ಬಗ್ಗೆ ಅಕ್ಷರವೂ ತಿಳಿಯದೆ ಹತ್ತು ವರ್ಷ ಅದರ ಸುದ್ದಿ ಬರೆದಿದ್ದೆವು.

ಅಣ್ಣ ಅಂಗಡಿಯವನ ಪೆನ್ನು ಇಸಿದುಕೊಂಡು ಆರೋಪಪಟ್ಟಿಯ ಹಿಂಬದಿಯಲ್ಲಿ ಚಿತ್ರ ಬರೆದರು. ಮೇಲೆ ಲ್ಯಾಡಲ್ ಎಂಬ ದೊಡ್ಡ ಹಂಡೆ. ಅದರೊಳಗೆ ಸುಮಾರು 1550 ಡಿಗ್ರಿ ಬಿಸಿಯ ಕರಗಿದ ಉಕ್ಕು. ಅದರ ಕೆಳಗೆ ಟಂಡಿಷ್ ಎಂಬ ತೊಟ್ಟಿ. ನಮ್ಮ ಕಾಲುವೆಗಳ ತೂಬಿನ ಹತ್ತಿರ ನೀರು ಒಂದಿಷ್ಟು ನಿಂತು ಹೋಗುತ್ತದಲ್ಲ, ಹಾಗೆ ಅಲ್ಲಿ ಉಕ್ಕು ಒಂದಿಷ್ಟು ನಿಂತು ಕೆಳಗೆ ಇಳಿಯುತ್ತದೆ. ಇಳಿಯುವುದು ಮೋಲ್ಡ್ ಒಳಕ್ಕೆ. ಅದು ತಾಮ್ರದ ಅಚ್ಚು, ಉದ್ದ ಸುಮಾರು ತೊಂಬತ್ತು ಸೆಂಟಿಮೀಟರ್, ತಾಮ್ರದ ಬೆನ್ನಿಗೆ ಸದಾ ತಣ್ಣೀರು ಹರಿಯುತ್ತಿರುತ್ತದೆ. ಉಕ್ಕು ತಾಮ್ರಕ್ಕೆ ತಾಗಿದ ಕಡೆ ಗಟ್ಟಿಯಾಗಿ ಚಿಪ್ಪು ಕಟ್ಟುತ್ತದೆ. ಅಚ್ಚಿನ ತಳಕ್ಕೆ ಬರುವ ಹೊತ್ತಿಗೆ ಆ ಚಿಪ್ಪು ಒಂದು-ಎರಡು ಸೆಂಟಿಮೀಟರ್ ದಪ್ಪ, ಅಷ್ಟೇ. ಒಳಗೆಲ್ಲ ಇನ್ನೂ ದ್ರವ. ಅದನ್ನು ರೋಲರುಗಳು ಕೆಳಕ್ಕೆ ಎಳೆಯುತ್ತಲೇ ಇರುತ್ತವೆ, ಸುತ್ತಲಿಂದ ನೀರು ಚಿಮುಕಿಸುತ್ತಲೇ ಇರುತ್ತಾರೆ, ಹತ್ತಾರು ಮೀಟರ್ ದೂರ ಹೋದ ಮೇಲೆ ನಡುಮಧ್ಯದವರೆಗೂ ಗಟ್ಟಿಯಾಗುತ್ತದೆ. ಇದು ನಿಲ್ಲದೆ ನಡೆಯುವ ಎರಕ. ನಿಮಿಷಕ್ಕೆ ಒಂದು ಮೀಟರಿನ ಆಸುಪಾಸಿನ ವೇಗ, ನಮ್ಮೂರ ತೇರಿಗಿಂತ ನಿಧಾನ.

‘ಹಾಲಿನ ಕೆನಿ ಹಿಡದು ಎತ್ತಿದಂಗ ತಮ್ಮ. ಹರೀಲಾರದಂಗ ಎತ್ತಬೇಕು’ ಅಂದರು ಅಣ್ಣ.

ಚಿಪ್ಪು ತಾಮ್ರಕ್ಕೆ ಅಂಟಬಾರದು ಅಂತ ಎರಡು ಉಪಾಯ ಮಾಡಿರುತ್ತಾರೆ. ಅಚ್ಚು ಸದಾ ಮೇಲೆ ಕೆಳಗೆ ಕುಲುಕುತ್ತಿರುತ್ತದೆ. ಉಕ್ಕಿನ ನೆತ್ತಿಯ ಮೇಲೆ ಒಂದು ಪೌಡರ್ ಹಾಕುತ್ತಿರುತ್ತಾರೆ, ಅದು ಕರಗಿ ಚಿಪ್ಪಿಗೂ ತಾಮ್ರಕ್ಕೂ ನಡುವೆ ಇಳಿದು ಎಣ್ಣೆಯಂತೆ ಕೆಲಸ ಮಾಡುತ್ತದೆ. ಯಾವುದೋ ಗಳಿಗೆಯಲ್ಲಿ ಆ ಪದರ ಹರಿದು ಹೋದರೆ ಚಿಪ್ಪಿನ ಒಂದು ತುಂಡು ತಾಮ್ರಕ್ಕೆ ಅಂಟಿಕೊಳ್ಳುತ್ತದೆ. ಕೆಳಗಿನಿಂದ ರೋಲರುಗಳು ಎಳೆಯುತ್ತಿರುವುದರಿಂದ ಅಂಟಿದ ಕಡೆ ಹರಿಯುತ್ತದೆ. ಹರುಕಿನಲ್ಲಿ ಹೊಸ ದ್ರವ ಬಂದು ಮತ್ತೆ ತೆಳ್ಳಗೆ ಚಿಪ್ಪು ಕಟ್ಟುತ್ತದೆ, ಅಚ್ಚು ಕುಲುಕಿದಾಗ ಅದೂ ಹರಿಯುತ್ತದೆ. ಹೀಗೆ ಹರಿಯುತ್ತಾ ಹರಿಯುತ್ತಾ ಆ ಗಾಯ ಕೆಳಗೆ ಜಾರುತ್ತದೆ. ತಳ ದಾಟಿದರೆ ತಡೆಯಲು ತಾಮ್ರವಿಲ್ಲ. ಒಳಗಿನ ಉಕ್ಕೆಲ್ಲ ಕೆಳಗಿನ ರೋಲರು, ಪೈಪುಗಳ ಮೇಲೆ ಸುರಿಯುತ್ತದೆ. ಇದಕ್ಕೆ ಬ್ರೇಕ್‌ಔಟ್ ಅನ್ನುತ್ತಾರೆ. ನಾವು ‘ಕುಲುಮೆ ಸ್ಫೋಟ’ ಅಂದದ್ದು ಇದಕ್ಕೆ. ಸುರಿದ ಉಕ್ಕು ಅಲ್ಲೇ ಗಟ್ಟಿಯಾಗಿ ಯಂತ್ರವನ್ನೇ ಹಿಡಿದುಕೊಳ್ಳುತ್ತದೆ, ಕತ್ತರಿಸಿ ತೆಗೆಯಬೇಕು. ಕೆಳಗೆ ನೀರು ನಿಂತಿದ್ದರೆ ಉಗಿ ಸಿಡಿಯುತ್ತದೆ. ಆ ರಾತ್ರಿ ಕೆಳಗೆ ಒಬ್ಬ ಹುಡುಗನಿದ್ದ.

ಆದರೆ ಈ ಗಾಯ ಹೇಳದೆ ಕೇಳದೆ ಬರುವುದಲ್ಲ. ತಾಮ್ರದ ತಟ್ಟೆಗಳಲ್ಲಿ ಸಾಲುಸಾಲಾಗಿ ಥರ್ಮೋಕಪಲ್ ಎಂಬ ಬಿಸಿ ಅಳೆಯುವ ತಂತಿಗಳನ್ನು ಹುದುಗಿಸಿರುತ್ತಾರೆ. ಎಲ್ಲ ಸರಿಯಿದ್ದಾಗ ಮೇಲಿನ ಸಾಲು ಹೆಚ್ಚು ಬಿಸಿ, ಕೆಳಗಿನ ಸಾಲು ಕಡಿಮೆ. ಹರುಕು ಮೇಲಿನ ತಂತಿಯ ಎದುರು ಬಂದಾಗ ಅಲ್ಲಿ ಬಿಸಿ ಏರುತ್ತದೆ, ಮುಂದೆ ಜಾರಿದಾಗ ಇಳಿಯುತ್ತದೆ, ಅಷ್ಟರಲ್ಲಿ ಕೆಳಗಿನ ತಂತಿ ಏರತೊಡಗುತ್ತದೆ. ಪರದೆಯ ಮೇಲೆ ಎರಡು ಗೆರೆಗಳು ಒಂದನ್ನೊಂದು ದಾಟುತ್ತವೆ. ಆಗಲೇ ಎರಕದ ವೇಗ ತಗ್ಗಿಸಿದರೆ ಚಿಪ್ಪಿಗೆ ದಪ್ಪವಾಗಲು ಸಮಯ ಸಿಕ್ಕಿ ಗಾಯ ಮಾಯುತ್ತದೆ. ಕೈಯಲ್ಲಿರುವುದು ಒಂದು ನಿಮಿಷಕ್ಕೂ ಕಡಿಮೆ ಹೊತ್ತು. ಈ ಗೆರೆ ನೋಡಿ ಗಂಟೆ ಹೊಡೆಯುವ ವ್ಯವಸ್ಥೆ ಹಳೆಯದು. ಜಪಾನಿನ ಕವಾಸಾಕಿ ಸ್ಟೀಲ್‌ನವರು 1980ರ ದಶಕದಲ್ಲೇ ಮಾಡಿದ್ದರು, 1990ರ ಆಸುಪಾಸಿಗೆ ನಿಪ್ಪಾನ್ ಸ್ಟೀಲ್‌ನವರು ಇದಕ್ಕೆ ನ್ಯೂರಲ್ ನೆಟ್‌ವರ್ಕ್ ಕೂರಿಸಿದ್ದರು. ಎಐ ಎಐ ಅಂತ ಈಗ ನಮ್ಮ ಡೆಸ್ಕಿನವರು ದಿನಕ್ಕೊಂದು ಸುದ್ದಿ ಕೇಳುತ್ತಾರೆ. ಕುದಿಯುವ ಉಕ್ಕಿನ ಪಕ್ಕದಲ್ಲಿ ಅದು ನಾವು ಶಾಲೆಗೆ ಸೇರುವ ಮೊದಲೇ ಕೂತಿತ್ತು.

‘ಹಂಗಾದ್ರ ಗಂಟಿ ಹೊಡೀಲಿಲ್ಲೇನಣ್ಣ?’ ಅಂತ ಕೇಳಿದೆವು.

‘ಹೊಡೀತು. ದಿನಾ ಹೊಡೀತಿತ್ತಲ್ಲ, ಅದ ತ್ರಾಸು.’

ಒಂದು ಮೂಲೆಯ ಎರಡು-ಮೂರು ತಂತಿಗಳು ಸಡಿಲಾಗಿ, ಸುಮ್ಮಸುಮ್ಮನೆ ಏರಿಳಿಯುತ್ತಿದ್ದವಂತೆ. ಗಂಟೆ ಹೊಡೆದಾಗಲೆಲ್ಲ ಯಂತ್ರ ತಾನೇ ವೇಗ ತಗ್ಗಿಸುತ್ತದೆ. ವೇಗ ತಗ್ಗಿದ ಕಡೆ ಮಾಲಿನ ಮೇಲೆ ಗುರುತು ಉಳಿಯುತ್ತದೆ, ಅಷ್ಟು ಮಾಲಿನ ದರ್ಜೆ ಇಳಿಸುತ್ತಾರೆ. ಮುಂದೆ ಉರುಳೆಗಿರಣಿ ಕಾಯುತ್ತಿರುತ್ತದೆ, ಹಿಂದೆ ಮತ್ತೊಂದು ಲ್ಯಾಡಲ್ ಬಂದು ಆರುತ್ತಿರುತ್ತದೆ. ತಂತಿ ಬದಲಿಸಬೇಕಾದರೆ ಎರಕ ನಿಲ್ಲಿಸಬೇಕು. ಮುಂದಿನ ಶಟ್‌ಡೌನ್‌ನಲ್ಲಿ ನೋಡೋಣ, ಅಲ್ಲಿತನಕ ಆಟೋ ತೆಗೆದು ಕೈಯಲ್ಲಿ ನಡೆಸಿ ಅಂತ ಮೇಲಿನಿಂದ ಮಾತು ಬಂತು. ಫೋನಿನಲ್ಲಿ. ಕಾಗದದಲ್ಲಿ ಅಲ್ಲ. ಆ ರಾತ್ರಿ ಗಂಟೆ ಹೊಡೆದಾಗ ಅಣ್ಣ, ಇದೂ ಅದೇ ಮೂಲೆಯದೇನೋ ಅಂತ ಪರದೆ ತೆರೆದು ನೋಡಿದರು. ಅಲ್ಲ, ಅದರ ಪಕ್ಕದ್ದು. ಗೆರೆಗಳು ಆಗಲೇ ದಾಟಿದ್ದವು. ಕೈ ಒಯ್ದು ವೇಗ ಇಳಿಸುವಷ್ಟರಲ್ಲಿ ಕೆಳಗಿನಿಂದ ಕೂಗು ಕೇಳಿತು.

ಇಷ್ಟು ಅಣ್ಣನ ಮಾತು. ಒಬ್ಬರ ಬಾಯಿಮಾತನ್ನು ನಂಬಿ ಒಮ್ಮೆ ಕೆಟ್ಟಿದ್ದೆವು, ಇನ್ನೊಬ್ಬರ ಬಾಯಿಮಾತನ್ನು ನಂಬಿ ಅದನ್ನು ಸರಿಮಾಡುವುದು ಹೇಗೆ? ಅಣ್ಣನಿಗೆ ಅದನ್ನೇ ಹೇಳಿದೆವು. ಅವರು ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು, ‘ಖರೆ ಐತಿ’ ಅಂದು ಬಸ್ ಹತ್ತಿದರು.

ಮೇಡಂ ಸಿಕ್ಕಿದ್ದು ಅದಾದ ಒಂದು ವರ್ಷಕ್ಕೆ, ಎಂಜಿನಿಯರಿಂಗ್ ಕಾಲೇಜೊಂದರ ಕಾರ್ಯಕ್ರಮಕ್ಕೆ ಸುದ್ದಿ ಮಾಡಲು ಹೋಗಿದ್ದಾಗ. ಕಾರ್ಖಾನೆಗಳಲ್ಲಿ ಮಷೀನ್ ಲರ್ನಿಂಗ್ ಅಂತ ಉಪನ್ಯಾಸ. ಊಟದ ಸಾಲಿನಲ್ಲಿ ಮಾತಾಡುತ್ತಾ ಅದೇ ಕಾರ್ಖಾನೆಯಲ್ಲಿ ಡೇಟಾ ಕೆಲಸ ಮಾಡುತ್ತಿದ್ದವರು ಅಂತ ತಿಳಿಯಿತು. ನಾವು ಯಾವ ಸುದ್ದಿ ಬರೆದಿದ್ದೆವು ಎಂಬುದನ್ನು ಮೊದಲೇ ಹೇಳಿಬಿಟ್ಟೆವು. ಅವರು ತಟ್ಟೆ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಸಾಲು ನನ್ನ ಶೀಟಿನಲ್ಲಿದೆ’ ಅಂದರು. ಮುಂದೆ ಮೂರು ಸಲ ಭೇಟಿಯಾದೆವು. ಕಾಗದ ಒಂದನ್ನೂ ಕೊಡಲಿಲ್ಲ, ನಾವೂ ಕೇಳಲಿಲ್ಲ. ಈಗ ಅವರು ಬೇರೆ ರಾಜ್ಯದಲ್ಲಿ ಬೇರೆ ಕೆಲಸದಲ್ಲಿದ್ದಾರೆ, ಇದನ್ನು ಬರೆಯಲು ಒಪ್ಪಿದ್ದಾರೆ.

ಅವರಿಗೆ ಒಪ್ಪಿಸಿದ್ದ ಕೆಲಸ ಹಳೆಯ ಗಂಟೆಗಿಂತ ಜಾಣ ಗಂಟೆ ಮಾಡುವುದು. ಹಳೆಯದಕ್ಕೆ ನಿಯಮ ಬರೆದುಕೊಟ್ಟಿರುತ್ತಾರೆ: ಇಷ್ಟು ಡಿಗ್ರಿ ಏರಿದರೆ, ಇಷ್ಟು ಸೆಕೆಂಡಿನಲ್ಲಿ ಪಕ್ಕದ್ದೂ ಏರಿದರೆ ಹೊಡಿ, ಅಂತ. ಹೊಸದು ಹಳೆಯ ದಾಖಲೆಗಳನ್ನು ನೋಡಿ ತಾನೇ ಕಲಿಯಬೇಕು. ತಂತಿಗಳ ಬಿಸಿ, ಎರಕದ ವೇಗ, ಅಚ್ಚಿನಲ್ಲಿ ಉಕ್ಕಿನ ಮಟ್ಟ, ನೀರಿನ ಹರಿವು, ಉಕ್ಕಿನ ಜಾತಿ, ಪೌಡರ್ ಯಾವುದು, ಎಲ್ಲವೂ ಸೆಕೆಂಡು ಸೆಕೆಂಡಿಗೂ ಇರುತ್ತದೆ. ಡೇಟಾ ಬೆಟ್ಟದಷ್ಟು. ಆದರೆ ಅದರೊಳಗೆ ನಿಜವಾದ ಬ್ರೇಕ್‌ಔಟ್‌ಗಳು ಬೆರಳೆಣಿಕೆಯಷ್ಟು. ಮೇಡಂ ಒಂದು ಲೆಕ್ಕ ಹೇಳಿದರು. ಹತ್ತು ಸಾವಿರ ಲ್ಯಾಡಲ್ ಉಕ್ಕು ಎರೆದಾಗ ಐದರಲ್ಲಿ ತೊಂದರೆ ಆಯಿತು ಅಂದುಕೊಳ್ಳಿ. ಯಾವಾಗ ಕೇಳಿದರೂ ‘ಏನೂ ಆಗಲ್ಲ’ ಅನ್ನುವ ಒಂದು ಮೊದ್ದು ಯಂತ್ರ ಮಾಡಿದರೆ ಅದು 99.95 ಶೇಕಡಾ ಸರಿ ಹೇಳಿದಂತೆ! ಅಂಥ ಅಂಕಿ ತೋರಿಸಿ ಯಂತ್ರ ಮಾರುವವರೂ ಇದ್ದಾರೆ ಅಂತ ನಕ್ಕರು.

ಅಪಾಯದ ಉದಾಹರಣೆಗಳು ಕಡಿಮೆ ಇರುವುದರಿಂದ ಕೆಲವರು ತಿರುಗಾ ದಾರಿ ಹಿಡಿಯುತ್ತಾರೆ. ಸರಿಯಿದ್ದ ದಿನಗಳನ್ನಷ್ಟೇ ತೋರಿಸಿ, ಸರಿ ಅಂದರೆ ಹೇಗಿರುತ್ತದೆ ಎಂಬುದನ್ನು ಯಂತ್ರಕ್ಕೆ ರೂಢಿ ಮಾಡಿಸುವುದು. ಅದರಂತೆ ಕಾಣದ್ದು ಬಂದರೆ ಅದು ಎಚ್ಚರಿಸುತ್ತದೆ. ದನ ಕಾಯುವವನಿಗೆ ದನದ ಎಲ್ಲ ರೋಗ ಗೊತ್ತಿರುವುದಿಲ್ಲ, ಇವತ್ತು ಯಾಕೋ ಮೇವು ಮುಟ್ಟಿಲ್ಲ ಅನ್ನುವುದು ಗೊತ್ತಾಗುತ್ತದಲ್ಲ, ಹಾಗೆ. ಇದರಲ್ಲೂ ತೊಡಕಿದೆ. ಹೊಸ ತಾಮ್ರದ ತಟ್ಟೆ ಹಾಕಿದ ದಿನ, ಪೌಡರ್ ಬದಲಿಸಿದ ದಿನ, ಉಕ್ಕಿನ ಜಾತಿ ಬದಲಾದ ದಿನ ಎಲ್ಲವೂ ಅದಕ್ಕೆ ರೂಢಿ ತಪ್ಪಿದಂತೆ ಕಾಣುತ್ತದೆ. ಕಿವಿ ಸೂಕ್ಷ್ಮ ಮಾಡಿದರೆ ಸುಳ್ಳು ಗಂಟೆ ಹೆಚ್ಚುತ್ತದೆ, ಒರಟು ಮಾಡಿದರೆ ನಿಜವಾದದ್ದು ತಪ್ಪುತ್ತದೆ. ಎಷ್ಟು ಸುಳ್ಳು ಗಂಟೆಯನ್ನು ಸಹಿಸಬಹುದು ಅನ್ನುವುದನ್ನು ಯಂತ್ರ ತೀರ್ಮಾನಿಸುವುದಿಲ್ಲ. ಅದು ದರ್ಜೆ ಇಳಿದ ಮಾಲಿನ ಲೆಕ್ಕ ಇಟ್ಟವರ ತೀರ್ಮಾನ.

ಇಷ್ಟೆಲ್ಲ ಕೇಳಿದ ಮೇಲೆ ನಮ್ಮ ಸಾಲಿನ ವಿಚಾರ ಬಂತು. ಪ್ರತಿ ಬ್ರೇಕ್‌ಔಟ್ ಎದುರಿಗೆ ‘ಕಾರಣ’ ಅಂತ ಒಂದು ಅಂಕಣ ಇತ್ತಂತೆ. ಅಂಟಿದ್ದು, ಬಿರುಕು, ಉಕ್ಕಿನ ಮಟ್ಟ ಏರುಪೇರಾದದ್ದು, ಹೀಗೆ. ಕೆಲವದರ ಎದುರು ಮಾತ್ರ ‘ಆಪರೇಟರ್’. ವಿಚಾರಣೆಯ ಕಡತದಲ್ಲಿ ತೀರ್ಮಾನ ಏನು ಬಂತೋ ಅದೇ ಆ ಅಂಕಣಕ್ಕೆ ಇಳಿಯುತ್ತದೆ. ಹಾಗೆ ‘ಆಪರೇಟರ್’ ಅಂತ ಇದ್ದ ಸಾಲುಗಳನ್ನು ಯಂತ್ರಕ್ಕೆ ಕಲಿಸುವಾಗ ಕೈಬಿಡಬೇಕು ಅಂತ ಸೂಚನೆ ಇತ್ತು. ಇದು ಪ್ರಕ್ರಿಯೆಯ ದೋಷ ಹುಡುಕುವ ಯಂತ್ರ, ಮನುಷ್ಯರ ತಪ್ಪು ಹುಡುಕುವುದಲ್ಲ ಎಂಬುದು ವಾದ. ಕೇಳಲಿಕ್ಕೆ ಸರಿಯಾಗಿಯೇ ಇದೆ.

ಮೇಡಂಗೆ ಮನಸ್ಸು ತಡೆಯಲಿಲ್ಲ. ಬೆರಳೆಣಿಕೆಯ ಉದಾಹರಣೆಗಳಲ್ಲಿ ಒಂದನ್ನು ಎಸೆಯುವ ಮೊದಲು ಅದರ ಗೆರೆಗಳನ್ನು ತೆರೆದು ನೋಡಿದರು. ಪುಸ್ತಕದಲ್ಲಿ ಬರೆದಿಟ್ಟಂಥ ಅಂಟಿದ ಹರುಕು. ಮೇಲಿನ ಗೆರೆ ಏರಿ ಇಳಿದು, ಕೆಳಗಿನದು ಅದನ್ನು ದಾಟಿ. ಇನ್ನೂ ಹಿಂದಕ್ಕೆ ಹೋದರು. ಯಂತ್ರ ಆಟೋದಲ್ಲಿದೆಯೋ ಕೈಯಲ್ಲಿದೆಯೋ ಅನ್ನುವುದೂ ದಾಖಲಾಗುತ್ತಿತ್ತು. ಆ ರಾತ್ರಿ ಕೈಯಲ್ಲಿತ್ತು. ಅದರ ಹಿಂದಿನ ಹಗಲೂ ಕೈಯಲ್ಲಿತ್ತು. ಒಂಬತ್ತು ದಿನದಿಂದ, ಮೂರೂ ಪಾಳಿಯಲ್ಲಿ, ಯಾವ ಆಪರೇಟರ್ ಕೂತಿದ್ದರೂ ಕೈಯಲ್ಲೇ ಇತ್ತು.

ಒಬ್ಬ ಮನುಷ್ಯ ತನ್ನ ಪಾಳಿಯಲ್ಲಿ ಮೈಮರೆಯಬಹುದು. ಮೂರು ಪಾಳಿಯ ಜನ ಒಂಬತ್ತು ದಿನ ಒಟ್ಟಾಗಿ ಮೈಮರೆಯಲು ಬರುವುದಿಲ್ಲ.

ಫೋನಿನಲ್ಲಿ ಮಾತು ಬಂದಿತ್ತು ಅನ್ನುವುದಕ್ಕೆ ಇದು ಸಾಕ್ಷಿಯಲ್ಲ ಅಂತ ನಮಗೂ ಗೊತ್ತು. ಆದರೆ ವಿಚಾರಣೆ ನಡೆಸಿದವರು ಈ ಅಂಕಣವನ್ನು ತೆರೆದು ನೋಡಿರಲಿಲ್ಲ, ಅಥವಾ ನೋಡಿ ಮುಚ್ಚಿದ್ದರು. ನಡಾವಳಿಯಲ್ಲಿ ಅದರ ಮಾತೇ ಇಲ್ಲ. ಇರುವುದು ಪಾಳಿಯ ಲಾಗ್ ಪುಸ್ತಕದ ಒಂದು ಸಾಲು, ಮೇಲ್ವಿಚಾರಕರ ಹೇಳಿಕೆ, ಮತ್ತೆ ‘ಪತ್ರಿಕಾ ವರದಿಯಲ್ಲೂ ಉಲ್ಲೇಖವಾಗಿರುವಂತೆ’ ಅಂತ ನಾವು. ಅವರ ಮಾತನ್ನೇ ನಾವು ಅಚ್ಚು ಹಾಕಿದೆವು, ಅಚ್ಚಾದದ್ದನ್ನೇ ಅವರು ಪುರಾವೆ ಮಾಡಿಕೊಂಡರು. ಅಣ್ಣನ ಕೆಲಸ ಹೋಯಿತು. ಅದರ ಬಾಲದಲ್ಲಿ ಇನ್ನೊಂದೂ ಆಯಿತು: ಸಡಿಲ ತಂತಿ, ಬೇಸತ್ತ ಕಿವಿ, ಕೈಗೆ ಬಂದ ಯಂತ್ರ, ಇದೆಲ್ಲ ಸೇರಿದಾಗ ಏನಾಗುತ್ತದೆ ಅಂತ ಹೊಸ ಯಂತ್ರ ಕಲಿಯಬಹುದಾಗಿದ್ದ ಉದಾಹರಣೆಯೇ ಕಸಕ್ಕೆ ಹೋಯಿತು. ಮುಂದೆ ಅದೇ ಸ್ಥಿತಿ ಬಂದರೆ ಕೆಳಗೆ ಮತ್ತೊಬ್ಬ ಹುಡುಗ ಇರುತ್ತಾನೆ.

ಆ ಹುಡುಗನ ಬಗ್ಗೆಯೂ ಕೇಳಿದೆವು. ಗುತ್ತಿಗೆಯವನು, ದೂರದ ರಾಜ್ಯದವನು, ಮೊಣಕಾಲಿನ ಕೆಳಗೆ ಸುಟ್ಟಿತ್ತು. ಆಸ್ಪತ್ರೆಯಿಂದ ಗುತ್ತಿಗೆದಾರ ರೈಲು ಹತ್ತಿಸಿದ ಅನ್ನುತ್ತಾರೆ. ನಮ್ಮ ಸುದ್ದಿಯಲ್ಲಿ ಅವನು ‘ಕಾರ್ಮಿಕ’. ಮೇಡಂ ಶೀಟಿನಲ್ಲಿ ನೂರಾರು ಅಂಕಣಗಳಿದ್ದವಂತೆ. ಆ ಗಳಿಗೆಯಲ್ಲಿ ಕೆಳಗೆ ಎಷ್ಟು ಜನ ಇದ್ದರು ಎಂಬ ಅಂಕಣ ಮಾತ್ರ ಇರಲಿಲ್ಲ.

ನಾವು ತಿದ್ದುಪಡಿ ಬರೆದು ಡೆಸ್ಕಿಗೆ ಕಳಿಸಿದೆವು. ದಾಖಲೆ ಇದೆಯೇ ಅಂತ ಕೇಳಿದರು. ಇಲ್ಲ. ಹೆಸರು ಹೇಳಿ ಮಾತಾಡುವವರು ಇದ್ದಾರೆಯೇ? ಇಲ್ಲ. ಹಾಗಾದರೆ ಎರಡು ವರ್ಷದ ಹಿಂದಿನ ನಾಲ್ಕು ಸಾಲಿಗೆ ತಿದ್ದುಪಡಿ ಯಾರು ಓದುತ್ತಾರೆ ಅಂದರು. ಅವರದ್ದೂ ತಪ್ಪಿಲ್ಲ. ಇವತ್ತು ಬೇಕು ಅನ್ನುವ ದಾಖಲೆಯನ್ನು ಆ ರಾತ್ರಿ ಹನ್ನೆರಡಕ್ಕೆ ಯಾರೂ ಕೇಳಿರಲಿಲ್ಲ ಅಷ್ಟೆ. ವಿಡಿಯೊ ಕಳಿಸುವವನ ಚಾನೆಲ್‌ನಲ್ಲಿ ಆ ಕ್ಲಿಪ್ಪೇ ಉಳಿದಿರಲಿಲ್ಲ.

ಮೇಡಂ ಮಾಡಿದ್ದು ಇಷ್ಟು. ಕಂಪನಿಯ ಶೀಟನ್ನು ತಿದ್ದುವ ಅಧಿಕಾರ ಅವರಿಗಿರಲಿಲ್ಲ. ಯಂತ್ರಕ್ಕೆ ಕಲಿಸುವ ತಮ್ಮ ಪ್ರತಿಯಲ್ಲಿ ಆ ಸಾಲನ್ನು ಕೈಬಿಡದೆ ಉಳಿಸಿಕೊಂಡು, ‘ಆಪರೇಟರ್’ ಅಳಿಸಿ ‘ಅಂಟಿದ್ದು’ ಅಂತ ಬರೆದರು. ಮೇಲಿನವರಿಗೆ ಮೇಲ್ ಹಾಕಿದರು. ಉತ್ತರ ಬರಲಿಲ್ಲ, ಬೇಡ ಅಂತಲೂ ಬರಲಿಲ್ಲ. ಅವರು ಕೆಲಸ ಬಿಡುವತನಕ ಅದು ಹಾಗೇ ಇತ್ತು.

ಅಣ್ಣ ಈಗ ಗಂಗಾವತಿಯಲ್ಲಿ ಒಂದು ಅಕ್ಕಿ ಗಿರಣಿಯಲ್ಲಿದ್ದಾರೆ. ಭತ್ತ ಒಣಗಿಸುವ ಡ್ರೈಯರ್ ನೋಡಿಕೊಳ್ಳುವ ಕೆಲಸ, ಹಳೆಯ ಸಂಬಳದ ಅರ್ಧ. ಒಂಬತ್ತು ದಿನದ ವಿಚಾರ ಹೇಳಲು ಹೋದ ತಿಂಗಳು ಅಲ್ಲಿಗೆ ಹೋಗಿದ್ದೆವು. ಹೊಟ್ಟಿನ ದೂಳಿನಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡರು. ‘ಮೂರೂ ಪಾಳಿಯೊಳಗ ಅಂತ ಹೇಳಿದ್ರಾ ಆಕಿ?’ ಅಂತ ಎರಡು ಸಲ ಕೇಳಿದರು. ಲೇಬರ್ ಕೋರ್ಟಿಗೆ ಹೋಗೋಣ, ವಕೀಲರನ್ನು ನಾವು ನೋಡುತ್ತೇವೆ ಅಂದೆವು. ಮಗಳ ಪಿಯುಸಿ ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಅಂದರು. ಅಷ್ಟರಲ್ಲಿ ಡ್ರೈಯರ್‌ನ ಬಿಸಿ ತೋರಿಸುವ ಮೀಟರಿನ ಗಂಟೆ ಹೊಡೆಯಿತು. ಗಿರಣಿಯ ಹುಡುಗನೊಬ್ಬ, ‘ಅದು ಸುಮ್ನ ಹೊಡೀತೈತಿ ಬಿಡ್ರಿ ಕಾಕಾ’ ಅಂದ. ಅಣ್ಣ ನಮ್ಮ ಮಾತು ಅರ್ಧಕ್ಕೆ ಬಿಟ್ಟು ಏಣಿ ಹತ್ತಿದರು.